ತೊದಲ್ನುಡಿ ತಡವಾದಾಗ

ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ಶಿಗ್ಗಾಂವಿ ತಾಲ್ಲೂಕಿಗೆ ಸೇರಿದ ಗೊಟಗೋಡಿ ಎಂಬ ಗ್ರಾಮವುಂಟು. 2011ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿರುವುದು ಇಲ್ಲಿಯೇ. ಇಲ್ಲಿನ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಬಾಳನ್ನು ಪ್ರತಿಮೆಗಳಲ್ಲಿ ಮೂಡಿಸಿದ್ದಾರೆ. ಅದನ್ನು ನೋಡಲು ಬಂದ ಎರಡು ವರ್ಷದ ಒಂದು ಕೂಸನ್ನು ನಾವು ಕಲ್ಪಿಸಿಕೊಳ್ಳೋಣ. ಎತ್ತಿನ ಪ್ರತಿಮೆಯನ್ನು ಕಂಡು ಅದರ ಕಣ್ಣು ಅರಳುತ್ತದೆ; ಬೆರಳು ಮುಂದಕ್ಕೆ ಚಾಚುತ್ತದೆ; ಅವ್ವನ ಮುಖವನ್ನು ತಿರುಗಿ ನೋಡುತ್ತದೆ. ಬಾಯಿಂದ ಮಾತ್ರ ಮಾತು ಹೊರಡದು. "ಅವರಪ್ಪನೂ ತಡಾನ ಮಾತಾಡಿದ್ದ, ತಗೊ" ಎಂದು ಮನೆಯ ಆಯಿ ಸಮಾಧಾನ ಹೇಳುತ್ತಾಳೆ. ಬಜೆಯ ಬೇರನ್ನು ತೇದು ನಾಲಗೆಗೆ ಸವರುವುದೂ ನಡೆಯುತ್ತದೆ.

ಆಯಿಯ ಮಾತು ಪೂರ್ತಿ ಸುಳ್ಳಲ್ಲ. ತಡವಾಗಿ ಮಾತು ಕಲಿತ ಮಕ್ಕಳಲ್ಲಿ ಅನೇಕರು ಮುಂದೆ ಓರಗೆಯವರನ್ನು ಕೂಡಿಕೊಳ್ಳುತ್ತಾರೆ. ಆದರೆ ಯಾವ ಕೂಸು ತಾನಾಗಿಯೇ ಮಾತನಾಡೀತು, ಯಾವುದಕ್ಕೆ ನೆರವು ಬೇಕಾದೀತು ಎಂಬುದನ್ನು ಮುಖ ನೋಡಿ ಹೇಳಲು ಬಾರದು. ಸಾಮಾನ್ಯವಾಗಿ ಮಗು ಆರೇಳು ತಿಂಗಳಿಗೆ 'ಬಬಬ' ಎಂದು ಅಕ್ಷರಗಳನ್ನು ಪೋಣಿಸುತ್ತದೆ. ಒಂದು ವರ್ಷದ ಆಸುಪಾಸಿಗೆ ಮೊದಲ ಶಬ್ದವನ್ನಾಡುತ್ತದೆ. ಎರಡು ತುಂಬುವ ಹೊತ್ತಿಗೆ ಎರಡೆರಡು ಶಬ್ದಗಳನ್ನು ಜೋಡಿಸುತ್ತದೆ. ಹಾಗಾಗದಿದ್ದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ನಾಲಗೆಯದಲ್ಲ, ಕಿವಿಯದು.

ಕೂಸಿಗೆ ಕೇಳಿಸುತ್ತದೆಯೇ ಎಂಬುದನ್ನು ಕೂಸನ್ನೇ ಕೇಳುವಂತಿಲ್ಲವಷ್ಟೆ. ಈ ತೊಡಕನ್ನು ಬಿಡಿಸಿದ ಉಪಾಯ ಬಹು ಸೋಜಿಗದ್ದು. ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಗೊಂಡ ಕಾಕ್ಲಿಯ ಎಂಬ ಅಂಗವಿದೆ. ಅದರೊಳಗಿನ ಹೊರಸಾಲಿನ ರೋಮಕೋಶಗಳು ಶಬ್ದ ತಾಗಿದೊಡನೆ ಕುಗ್ಗಿ ಹಿಗ್ಗಿ ಅದನ್ನು ವರ್ಧಿಸುತ್ತವೆ. ಹೀಗೆ ಕುಣಿಯುವಾಗ ಅವು ತಾವೇ ಒಂದು ಕ್ಷೀಣ ಧ್ವನಿಯನ್ನು ಹೊರಕ್ಕೆ ಕಳುಹುತ್ತವೆ! ಇದನ್ನು 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಎಂಬ ವಿಜ್ಞಾನಿ ಪ್ರಕಟಿಸಿದನು. ಇಂದು ಮಲಗಿ ನಿದ್ರಿಸುವ ಶಿಶುವಿನ ಕಿವಿಯಲ್ಲಿ ಪುಟ್ಟ ಶೋಧಕವೊಂದನ್ನಿಟ್ಟು 'ಟಿಕ್ ಟಿಕ್' ಶಬ್ದವನ್ನು ಕಳುಹಿ, ಮರಳಿ ಬರುವ ಧ್ವನಿಯನ್ನು ಸೂಕ್ಷ್ಮ ಮೈಕ್ರೋಫೋನಿನಿಂದ ಹಿಡಿಯುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಧ್ವನಿ ಮರಳದಿದ್ದರೆ ಕಿವಿ ಕೆಟ್ಟಿತೆಂದೇ ಅರ್ಥವಲ್ಲ, ಗುಗ್ಗೆ ಅಡ್ಡವಾಗಿರಬಹುದು. ಮರಳಿದರೂ ನರದ ದಾರಿ ಸರಿಯಿದೆಯೆಂದು ಹೇಳಲಾಗದು. ಅದಕ್ಕಾಗಿ ತಲೆಯ ಮೇಲೆ ವಿದ್ಯುದಗ್ರಗಳನ್ನು ಅಂಟಿಸಿ, ಶಬ್ದಕ್ಕೆ ಮಿದುಳಕಾಂಡ ಕೊಡುವ ವಿದ್ಯುತ್ ಸ್ಪಂದನವನ್ನು ಅಳೆಯುವ ಬೇರೊಂದು ಪರೀಕ್ಷೆಯುಂಟು.

ಇಷ್ಟು ಅವಸರವೇಕೆ? ಶಬ್ದ ಬಾರದೆ ಬಹುಕಾಲ ಬರಿದಾಗಿ ಕುಳಿತ ಮಿದುಳಿನ ಶ್ರವಣಭಾಗವನ್ನು ಬೇರೆ ಇಂದ್ರಿಯಗಳು ಆಕ್ರಮಿಸಿಕೊಳ್ಳುತ್ತವೆ. ಹುಟ್ಟುಗಿವುಡರಾದ ಮಕ್ಕಳಿಗೆ ಸುಮಾರು ಮೂರೂವರೆ ವರ್ಷದೊಳಗೆ ಕಾಕ್ಲಿಯರ್ ಇಂಪ್ಲಾಂಟನ್ನು ಅಳವಡಿಸಿದರೆ ಶ್ರವಣಮಾರ್ಗವು ಬಹುಮಟ್ಟಿಗೆ ವಯಸ್ಸಿಗೆ ತಕ್ಕಂತೆ ಬೆಳೆಯುತ್ತದೆ. ಏಳು ದಾಟಿದ ಮೇಲೆ ಹಾಗಾಗುವುದು ವಿರಳ. "ನೋಡೂಣು ತಡಿ" ಎನ್ನುತ್ತ ಕಳೆದ ಎರಡು ವರ್ಷಗಳ ಬೆಲೆ ಇದು.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ರಾಷ್ಟ್ರಪತಿ ರಾಧಾಕೃಷ್ಣನ್ ಅವರು ಅಡಿಗಲ್ಲನ್ನಿಟ್ಟುದು 1966ರಲ್ಲಿ. ಅಲ್ಲಿನ ಶಿಶುವಿಹಾರದಲ್ಲಿ ಮಗುವಿನ ಸಂಗಡ ತಾಯಿಯೂ ಕುಳಿತು ಕಲಿಯುವ ಪದ್ಧತಿಯಿದೆ. ಆದರೆ ಗೊಟಗೋಡಿಯಿಂದ ಮೈಸೂರಿಗೆ ಒಂದು ರಾತ್ರಿಯ ಪ್ರಯಾಣ. ಹೊಲದ ಕೆಲಸ, ಮನೆಯ ದನಕರು ಬಿಟ್ಟು ವಾರವಾರವೂ ಹೋಗಿಬರುವುದು ಯಾರಿಂದಾದೀತು? ಈ ಕಾರಣದಿಂದಲೇ ದೂರಚಿಕಿತ್ಸೆಯು ನೆರವಾಗುತ್ತದೆ. ತಜ್ಞರು ದೂರದಿಂದಲೇ ಮೊಬೈಲಿನ ಅಥವಾ ಕಂಪ್ಯೂಟರಿನ ಪರದೆಯಲ್ಲಿ ತಾಯಿಮಗುವನ್ನು ನೋಡುತ್ತ ತಿದ್ದುತ್ತಾರೆ. ಆ ಸಂಸ್ಥೆಯೂ ಇಂಥ ಸೇವೆಯನ್ನು ನಡೆಸುತ್ತಿದೆ.

"ಪರದೆಯೇ ಬೇಡವೆನ್ನುವಿರಿ, ಈಗ ಪರದೆಯಿಂದಲೇ ಚಿಕಿತ್ಸೆಯೆನ್ನುವಿರಿ" ಎಂದು ಜಾಣ ವಿದ್ಯಾರ್ಥಿಯು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ, ಎರಡು ವರ್ಷ ತುಂಬದವರನ್ನು ಪರದೆಯ ಮುಂದೆ ಕೂರಿಸಬಾರದೆಂದು ಸೂಚಿಸಿತು. ಅಮೆರಿಕದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರ 2003ರ ಪ್ರಯೋಗದಲ್ಲಿ ಒಂಬತ್ತು ತಿಂಗಳ ಶಿಶುಗಳು ಎದುರಿಗೆ ಕುಳಿತವರಿಂದ ಚೀನೀ ಭಾಷೆಯ ಧ್ವನಿಭೇದಗಳನ್ನು ಕಲಿತವು. ಅದೇ ಮಾತನ್ನು ಪರದೆಯ ಮೇಲೆ ಕಂಡ ಶಿಶುಗಳು ಏನನ್ನೂ ಕಲಿಯಲಿಲ್ಲ. ಆದರೆ 2014ರ ಇನ್ನೊಂದು ಪ್ರಯೋಗದಲ್ಲಿ ಎರಡು ಎರಡೂವರೆ ವರ್ಷದ ಮಕ್ಕಳು ವೀಡಿಯೋ ಕರೆಯಿಂದ ಹೊಸ ಕ್ರಿಯಾಪದಗಳನ್ನು ಕಲಿತರು. ಭೇದವೆಲ್ಲಿದೆ? ಕರೆಯಲ್ಲಿರುವವರು ಮಗುವಿಗೆ ಮಾರುತ್ತರ ಕೊಡುತ್ತಾರೆ. ಮೊದಲೇ ಚಿತ್ರಿಸಿಟ್ಟ ದೃಶ್ಯ ಕೊಡದು. ಎಂಟು ತಿಂಗಳ ಕೂಸು ಉಲಿದ ಕ್ಷಣವೇ ತಾಯಿ ನಕ್ಕು ಮೈದಡವಿದರೆ ಅದರ ಉಲಿಯು ಹೆಚ್ಚು ಮಾತಿನಂತಾಗುತ್ತದೆಂಬುದೂ 2003ರಲ್ಲಿಯೇ ಕಂಡುಬಂದಿತು. ಮೇಲಾಗಿ, ದೂರಚಿಕಿತ್ಸೆಯಲ್ಲಿ ಪರದೆಯಿರುವುದು ಮುಖ್ಯವಾಗಿ ತಾಯಿತಂದೆಯರಿಗೆ, ಮಗುವಿಗಲ್ಲ.

ಅಲ್ಲಿ ನಡೆಯುವುದನ್ನು ನೋಡಿದರೆ ನಿರಾಸೆಯಾದೀತು, ಅಷ್ಟು ಸರಳ. ಮೊಬೈಲನ್ನು ಗೋಡೆಗೆ ಒರಗಿಸಿಟ್ಟು ಅವ್ವ ಮಗುವಿನೊಡನೆ ಆಡುತ್ತಾಳೆ. ಚಿತ್ರಣವನ್ನು ಅನಂತರ ತಜ್ಞರೊಡನೆ ಕುಳಿತು ನೋಡುತ್ತಾಳೆ. ಆಗ ಅವಳಿಗೇ ಕಾಣುತ್ತದೆ: "ಇದೇನು? ಇದೇನು ಹೇಳು?" ಎಂದು ತಾನು ಮೇಲಿಂದ ಮೇಲೆ ಕೇಳಿದ್ದು, ಮಗು ಬಾಯಿ ತೆರೆಯುವ ಮುನ್ನವೇ ಉತ್ತರವನ್ನೂ ತಾನೇ ಹೇಳಿಬಿಟ್ಟದ್ದು. ಮುಂದಿನ ವಾರ ಅವಳು ಪ್ರಶ್ನೆ ಬಿಟ್ಟು, ಮಗು ನೋಡಿದ್ದನ್ನೇ ತಾನೂ ನೋಡಿ ಅದರ ಹೆಸರು ಹೇಳಿ, ಮನಸ್ಸಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು ಕಾಯುತ್ತಾಳೆ. ಮಗು "ಆಕಳ" ಎಂದರೆ "ಆಕಳ ಹುಲ್ಲ ತಿನ್ನಾಕತ್ತೈತಿ" ಎಂದು ಒಂದು ಹೆಜ್ಜೆ ಮುಂದಿಡುತ್ತಾಳೆ. ಗ್ರಂಥದ ಕನ್ನಡವಾಗಲಿ ಇಂಗ್ಲಿಷಾಗಲಿ ಇಲ್ಲಿ ಬೇಡ. ಮನೆಯಲ್ಲಿ ಆಡುವ ನುಡಿಯೇ ಮದ್ದು.

ಕೆಲವು ಮಕ್ಕಳಿಗೆ ಇಷ್ಟೂ ಸಾಲದು. ಅಂಥವರಿಗಾಗಿ ಚಿತ್ರವನ್ನು ಮುಟ್ಟಿದರೆ ಶಬ್ದವನ್ನು ನುಡಿಯುವ ತಂತ್ರಾಂಶಗಳಿವೆ. ಹಲವದರಲ್ಲಿ ಮನೆಯವರ ಧ್ವನಿಯನ್ನೇ ತುಂಬಬಹುದು. ಯಂತ್ರ ಮಾತನಾಡಿದರೆ ಮಗು ಮೂಕವಾಗಿಯೇ ಉಳಿದೀತೆಂಬ ಭಯ ಅನೇಕ ಹೆತ್ತವರಿಗಿದೆ. ಇದುವರೆಗಿನ ಅಧ್ಯಯನಗಳು ಈ ಭಯವನ್ನು ಸಮರ್ಥಿಸಿಲ್ಲ. ಎಷ್ಟೋ ಮಕ್ಕಳಲ್ಲಿ ಮಾತು ಸ್ವಲ್ಪ ಹೆಚ್ಚಿದ್ದೇ ಕಂಡುಬಂದಿದೆ.

ಇದೆಲ್ಲಕ್ಕೂ ಮೊದಲ ಬಾಗಿಲು ಊರಿನಲ್ಲೇ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೇರೆಗೆ ವೈದ್ಯತಂಡವು ವರ್ಷಕ್ಕೆರಡು ಸಲ ಅಂಗನವಾಡಿಗೆ ಬರಬೇಕು. ತಪಾಸಣೆಯ ಪಟ್ಟಿಯಲ್ಲಿ ಶ್ರವಣದೋಷವೂ ಭಾಷಾವಿಳಂಬವೂ ಸೇರಿವೆ. ತಂಡ ಬರುವ ದಿನವನ್ನು ಅಂಗನವಾಡಿಯ ಅಕ್ಕನಲ್ಲಿ ಕೇಳಿ ತಿಳಿದು, ಆ ದಿನ ಕೂಸನ್ನು ಹೊಲಕ್ಕೆ ಕರೆದೊಯ್ಯದೆ ಅಲ್ಲಿಗೆ ಕಳುಹಬೇಕು. ಎತ್ತನ್ನು ತೋರಿಸಿ ಸುಮ್ಮನಾಗುತ್ತದೆಂಬ ಸಂಗತಿಯನ್ನು ತಂಡಕ್ಕೆ ಬಾಯಿಬಿಟ್ಟು ಹೇಳಬೇಕು.