ಬಿಸಿಲು ಬೇರೆ, ಸೆಕೆ ಬೇರೆ

ರೇವತಿ ಮಳೆ ಬಿದ್ದು ಒಂಬತ್ತು ದಿನಗಳಾದುವು. ನಮ್ಮ ಮಲ್ಲಂದೂರಿನ ಕಾಫಿ ತೋಟಗಳು ಈ ಬೆಳಿಗ್ಗೆ ಬೆಳ್ಳಗೆ ಹೂಬಿಟ್ಟು ನಿಂತಿವೆ. ಮಲ್ಲಿಗೆಯನ್ನು ನೆನಪಿಗೆ ತರುವ ಆ ಪರಿಮಳ ಮನೆಯ ಒಳಕೋಣೆಯವರೆಗೂ ಬಂದಿದೆ. ಹೂ ಬಾಡಿ ಕಾಯಿ ಕಚ್ಚುವುದನ್ನೂ ಅದರ ಮೇಲೆ ಬೀಳಬೇಕಾದ ಇನ್ನೊಂದು ಮಳೆಯನ್ನೂ ಎದುರು ನೋಡುತ್ತ ತೋಟದವರು ತುಸು ಬಿಡುವಾಗಿರುವ ಕಾಲವಿದು. ಕಾಲೇಜಿಗೂ ರಜೆ ಹತ್ತಿರವಾಯಿತು. ವರ್ಷವರ್ಷವೂ ಈ ಹೊತ್ತಿಗೆ ಒಂದು ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುತ್ತದೆ: "ಮೇಷ್ಟ್ರೇ, ಮಕ್ಕಳಿಗೆ ಸಮುದ್ರ ತೋರಿಸಬೇಕು. ಮಂಗಳೂರಿಗೆ ಹೋಗೋಣವೋ, ಗೋಕರ್ಣಕ್ಕೋ?" ಕೇಳುವವರ ಮನಸ್ಸಿನಲ್ಲಿ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಎಲ್ಲಿ ಹೋದರೇನು, ಘಟ್ಟದ ಕೆಳಗೆಲ್ಲ ಒಂದೇ ಬೇಸಗೆ ತಾನೆ!

ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಎರಡು ಬಾರಿ ಸೋತ ಮೇಲೆ, ನನ್ನ ತಾಯಿಯವರಿಂದ ಪಾಠ ಹೇಳಿಸಿಕೊಂಡ ಮೇಲೆ, ಆ ನಂಬಿಕೆ ಬಿಟ್ಟಿತು.

ತಾಯಿಯವರು ಹುಟ್ಟಿದ್ದು ಮರವಂತೆಗೆ ಸಮೀಪದ ಒಂದು ಹಳ್ಳಿಯಲ್ಲಿ. ಒಂದು ಕಡೆ ಸೌಪರ್ಣಿಕಾ ನದಿ, ಇನ್ನೊಂದು ಕಡೆ ಕಡಲು, ನಡುವೆ ಹೆದ್ದಾರಿ. ಆ ದಾರಿಯಲ್ಲಿ ಒಮ್ಮೆ ಹೋದವರು ಅದನ್ನು ಮರೆಯಲಾರರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮದುವೆಯಾಗಿ ಘಟ್ಟ ಹತ್ತಿ ಬಂದ ಅವರಿಗೆ ಈಗ ಎಪ್ಪತ್ತು ದಾಟಿದೆ. ತವರುಮನೆ ಇಂದು ಉಳಿದಿಲ್ಲ. ಉಳಿದಿರುವುದು ಕಡಲು ಮಾತ್ರ. ಅದರ ನೀರನ್ನು ಮತ್ತೊಮ್ಮೆ ಕಾಲಿಗೆ ಸೋಕಿಸಿಕೊಳ್ಳಬೇಕೆಂಬುದು ಅವರ ಆಸೆ. ಹೃದಯ ಮೊದಲಿನಂತಿಲ್ಲ, ಧಗೆಯಲ್ಲಿ ಆಯಾಸವಾಗಬಾರದು ಎಂದು ವೈದ್ಯರು ಎಚ್ಚರಿಸಿದ್ದಾರೆ. ಆದುದರಿಂದ ನಮ್ಮ ಮನೆಯಲ್ಲಿ ಎಲ್ಲಿಗೆ, ಎಂದು, ಎಷ್ಟು ಹೊತ್ತಿಗೆ ಎಂಬ ಪ್ರಶ್ನೆಗಳು ವಿನೋದಯಾತ್ರೆಯ ಪ್ರಶ್ನೆಗಳಾಗಿ ಉಳಿದಿಲ್ಲ.

ಮೊದಲನೆಯ ಸೋಲು ಕೆಲವು ವರ್ಷಗಳ ಹಿಂದಿನದು. ಮಾರ್ಚ್ ತಿಂಗಳ ಮೊದಲ ವಾರ, ಕರಾವಳಿಯ ಒಂದು ಪಟ್ಟಣದಲ್ಲಿ ನಂಟರ ಮದುವೆ. ಬೇಸಗೆ ಇನ್ನೂ ಬಲಿತಿಲ್ಲವೆಂದು ಧೈರ್ಯ ಮಾಡಿ ತಾಯಿಯವರನ್ನು ಕರೆದುಕೊಂಡು ಹೋದೆ. ಮುಂಜಾನೆ ಹಿತವಾಗಿಯೇ ಇತ್ತು. ಹತ್ತು ಗಂಟೆಯ ಮೇಲೆ ಮೂಡಣ ದಿಕ್ಕಿನಿಂದ ಒಣಗಾಳಿ ಎದ್ದಿತು. ಹನ್ನೆರಡಾಯಿತು, ಒಂದಾಯಿತು, ಕಡಲ ಕಡೆಯಿಂದ ಒಂದು ಸುಳಿಯೂ ಬರಲಿಲ್ಲ. ಊಟದ ಪಂಕ್ತಿಯಲ್ಲಿ ಕುಳಿತಿದ್ದವರು ಹಾಗೆಯೇ ಪಕ್ಕಕ್ಕೆ ಒರಗಿದರು. ಎಳನೀರು ಕುಡಿಸಿ, ಒದ್ದೆ ಬಟ್ಟೆಯಿಂದ ಮೈ ಒರಸಿ, ಬಾವಿಕಟ್ಟೆಯ ಹತ್ತಿರದ ಮಾವಿನ ಮರದ ನೆರಳಿನಲ್ಲಿ ಮಲಗಿಸಿದೆವು. ಮೂರರ ಸುಮಾರಿಗೆ ಪಡುವಣ ಗಾಳಿ ಬೀಸಿದ ಮೇಲೆಯೇ ಅವರು ಕಣ್ಣು ತೆರೆದು ಮಾತನಾಡಿದ್ದು. "ನೆರಳು ಸಾಲದು ಮಗ, ಗಾಳಿ ಬೇಕು" ಎಂದರು.

ಈ ಮಾತನ್ನು ನಾನು ಆಗಾಗ ನೆನೆಯುತ್ತೇನೆ. ಬೇಸಗೆಯ ತಾಪಕ್ಕೆ ನಮ್ಮ ಭಾಷೆಯಲ್ಲಿ ಎಷ್ಟೊಂದು ಮಾತುಗಳು! ಕಾವು, ಝಳ, ಧಗೆ, ಬೇಗೆ, ಸೆಕೆ. ಇವೆಲ್ಲ ಒಂದೇ ಎಂದು ತಿಳಿದವನು ಘಟ್ಟವಿಳಿದರೆ ಸಾಕು, ಬೇರೆಬೇರೆ ಎಂಬುದನ್ನು ಮೈಯೇ ಕಲಿಸುತ್ತದೆ. ಮಲೆನಾಡಿನಲ್ಲಿರುವುದು ಬಿಸಿಲು. ಸಿಲ್ವರ್ ಓಕಿನ ಕೆಳಗೋ ಹಲಸಿನ ಕೆಳಗೋ ಒಂದು ಹೆಜ್ಜೆ ಸರಿದು ನಿಂತರೆ ಅದು ತಪ್ಪಿಹೋಗುತ್ತದೆ. ಕರಾವಳಿಯವರು ಹೇಳುವುದು ಸೆಕೆಯ ಮಾತನ್ನು. ಅದು ನೆರಳಿನೊಳಗೂ ಇರುತ್ತದೆ, ರಾತ್ರಿಯಲ್ಲೂ ಇರುತ್ತದೆ. ಮಂಗಳೂರಿನಲ್ಲಿಯೂ ಕಾರವಾರದಲ್ಲಿಯೂ ಏಪ್ರಿಲ್, ಮೇ ತಿಂಗಳುಗಳ ಮಧ್ಯಾಹ್ನದ ಉಷ್ಣತೆ ಸಾಧಾರಣವಾಗಿ 33-34 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. 40 ಡಿಗ್ರಿಯನ್ನು ಮೀರುವ ರಾಯಚೂರು, ಕಲಬುರಗಿಗಳ ಮುಂದೆ ಇದೇನು ಮಹಾ ಎನಿಸಬಹುದು. ಆದರೆ ಆ ದಿನಗಳಲ್ಲಿ ಅರಬ್ಬೀ ಸಮುದ್ರದ ಮೇಲ್ಮೈ ನೀರೇ ಸುಮಾರು 30 ಡಿಗ್ರಿಯಷ್ಟು ಬೆಚ್ಚಗಿರುತ್ತದೆ. ಅದರ ಮೇಲಿನ ಗಾಳಿ ತೇವವನ್ನು ಹೊತ್ತು ಬರುತ್ತದೆ. ಮೈ ತಣಿಯುವುದು ಬೆವರು ಆರುವುದರಿಂದ. ತೇವ ತುಂಬಿದ ಗಾಳಿ ನಿಂತುಬಿಟ್ಟರೆ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ. ಆದುದರಿಂದಲೇ ಹವಾಮಾನ ಇಲಾಖೆಯವರೂ ಎಲ್ಲ ಊರುಗಳನ್ನು ಒಂದೇ ಅಳತೆಗೋಲಿನಿಂದ ಅಳೆಯುವುದಿಲ್ಲ. ಬಯಲುಸೀಮೆಯಲ್ಲಿ ಉಷ್ಣ ಅಲೆಯ ಲೆಕ್ಕ 40 ಡಿಗ್ರಿಯಿಂದ ತೊಡಗಿದರೆ, ಕರಾವಳಿಯಲ್ಲಿ 37ರಿಂದ, ಗುಡ್ಡಗಾಡಿನಲ್ಲಿ 30ರಿಂದಲೇ ತೊಡಗುತ್ತದೆ. ಜೊತೆಗೆ ಅದು ಆ ಊರಿನ ವಾಡಿಕೆಯ ಉಷ್ಣತೆಗಿಂತ ಸಾಕಷ್ಟು ಹೆಚ್ಚಾಗಿರಬೇಕು.

ಮಾರ್ಚಿಯಲ್ಲಿ ನಾವು ಸಿಕ್ಕಿಬಿದ್ದದ್ದು ಏಕೆಂಬುದೂ ನನಗೆ ಆಮೇಲೆ ತಿಳಿಯಿತು. ಕರಾವಳಿಯನ್ನು ದಿನವೂ ಕಾಯುವುದು ಕಡಲಗಾಳಿ. ಬೆಳಿಗ್ಗೆ ನೆಲ ಬೇಗ ಕಾಯುತ್ತದೆ, ಕಡಲು ಕಾಯುವುದಿಲ್ಲ. ನೆಲದ ಮೇಲಿನ ಗಾಳಿ ಹಗುರವಾಗಿ ಮೇಲೇಳಲು, ಆ ಜಾಗಕ್ಕೆ ಕಡಲ ಗಾಳಿ ನುಗ್ಗುತ್ತದೆ. ಬೇಸಗೆ ಮುಂದುವರಿದಂತೆ ಇದು ನಿಯಮಿತವಾಗಿ ಬೀಸುತ್ತದೆ. ಆದರೆ ಫೆಬ್ರವರಿಯ ಕೊನೆಯಲ್ಲಿ, ಮಾರ್ಚಿಯ ಆರಂಭದಲ್ಲಿ, ಕೆಲವು ದಿನ ಬಯಲುಸೀಮೆಯ ಒಣಗಾಳಿ ಘಟ್ಟವನ್ನು ಇಳಿದು ಪಶ್ಚಿಮಕ್ಕೆ ಬೀಸಿ ಕಡಲಗಾಳಿಯನ್ನು ದಡದಾಚೆಯೇ ತಡೆಯುತ್ತದೆ. ಕಾವಲುಗಾರ ತಡವಾಗಿ ಬಂದಷ್ಟೂ ಪಾದರಸ ಮೇಲೇರುತ್ತದೆ. 2025ರ ಫೆಬ್ರವರಿಯ ಕೊನೆಯ ವಾರದಲ್ಲಿ, ಇನ್ನೂ ಚಳಿಗಾಲವೆಂದು ಎಣಿಸುವ ದಿನಗಳಲ್ಲಿಯೇ, ನಮ್ಮ ಕರಾವಳಿಗೆ ಉಷ್ಣ ಅಲೆಯ ಎಚ್ಚರಿಕೆ ಬಂದಿತ್ತು. ತಿಂಗಳ ಹೆಸರನ್ನು ನೋಡಿ ಬೇಸಗೆಯನ್ನು ಅಳೆಯಬಾರದು.

ಎರಡನೆಯ ಸೋಲು ಇದಕ್ಕೆ ವಿರುದ್ಧವಾದುದು. ಸೆಕೆಗೆ ಹೆದರಿದ ನಾನು, ಮಳೆಗಾಲ ಹೇಗಿದ್ದರೂ ಜೂನ್ ಮೊದಲ ವಾರಕ್ಕೆ ತಾನೆ ಎಂದುಕೊಂಡು, 2025ರ ಮೇ ಕೊನೆಯ ವಾರವನ್ನು ಆರಿಸಿದೆ. ತಾಯಿಯವರು "ಪತ್ತನಾಜೆ ಕಳೆದ ಮೇಲೆ ಕಡಲಿಗೆ ಹೋಗುವವರುಂಟೇ?" ಎಂದರು. ನಾನು ನಕ್ಕೆ. ಮುಂಗಾರು ಆ ವರ್ಷ ಮೇ 24ಕ್ಕೇ ಕೇರಳವನ್ನು ಮುಟ್ಟಿ, 26ಕ್ಕೆ ಮುಂಬಯಿಯನ್ನೇ ಸೇರಿತು. ನಾವು ಇಳಿದ ದಿನ ಕಡಲು ಕೆಸರುಬಣ್ಣಕ್ಕೆ ತಿರುಗಿ ಮೊರೆಯುತ್ತಿತ್ತು. ದಡದಲ್ಲಿ ಹಗ್ಗ ಕಟ್ಟಿ ಕೆಂಪು ಬಾವುಟ ನೆಟ್ಟಿದ್ದರು. ಕೊಡೆ ಹಿಡಿದು ಹಗ್ಗದ ಈಚೆ ಕಾಲುಗಂಟೆ ನಿಂತು, ತಾಯಿಯವರು ಒಂದು ಮಾತನ್ನೂ ಆಡದೆ ಕಾರಿಗೆ ಮರಳಿದರು. ನಾನು ನಕ್ಕದ್ದನ್ನು ಅವರು ಎತ್ತಿ ಆಡಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಪತ್ತನಾಜೆಯೆಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ. ಮೇ 24ರ ಸುಮಾರಿಗೆ ಬರುತ್ತದೆ. ಅಂದಿಗೆ ದೈವಗಳ ಕೋಲಗಳು ಮುಗಿಯುತ್ತವೆ, ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿ ಗೆಜ್ಜೆ ಬಿಚ್ಚುತ್ತವೆ. ಪಂಚಾಂಗದಲ್ಲಿ ರೋಹಿಣಿ ಮಳೆ ಹುಟ್ಟುವುದೂ ಆ ಸುಮಾರಿಗೇ. ಮಳೆ ಅಂದೇ ಬರುತ್ತದೆಂದು ಇದರ ಅರ್ಥವಲ್ಲ. ಎಷ್ಟೋ ವರ್ಷ ಎರಡು ವಾರ ತಡವಾಗಿಯೂ ಬರುತ್ತದೆ. ಇನ್ನು ಬಯಲಿನಲ್ಲಿ ಚಪ್ಪರ ಹಾಕಿ ಕೂರುವುದು ವಿವೇಕವಲ್ಲ ಎಂಬ ಎಚ್ಚರವಷ್ಟೆ ಅದರಲ್ಲಿರುವುದು. ಸರ್ಕಾರವೂ ಯಂತ್ರದೋಣಿಗಳ ಮೀನುಗಾರಿಕೆಯನ್ನು ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಲ್ಲಿಸುತ್ತದೆ. ಕಡಲನ್ನು ಬಲ್ಲವರು ಬಿಡುವ ಹೊತ್ತಿಗೆ ನಾವು ಹೊರಟಿದ್ದೆವು.

ಈಗ ನಮ್ಮ ಕರಾವಳಿಯ ಉದ್ದವನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಬೇಕು. ಮಂಗಳೂರಿನಿಂದ ಕಾರವಾರಕ್ಕೆ ಹೆದ್ದಾರಿಯಲ್ಲಿ ಸುಮಾರು 270 ಕಿಲೋಮೀಟರು. ಬೇಸಗೆ ಈ ದಾರಿಯಲ್ಲಿ ದಕ್ಷಿಣದಿಂದ ಉತ್ತರಕ್ಕೆ ನಡೆಯುತ್ತದೆ. ಸೂರ್ಯ ನೆತ್ತಿಯ ನೇರಕ್ಕೆ ಬಂದು ನೆಟ್ಟ ಕೋಲಿಗೆ ನೆರಳೇ ಇಲ್ಲದಂತಾಗುವ ದಿನ ಮಂಗಳೂರಿಗೆ ಏಪ್ರಿಲ್ 24-25ರ ಸುಮಾರು, ಕಾರವಾರಕ್ಕೆ ಮೇ 1ರ ಸುಮಾರು. ಅವನ ಹಿಂದೆಯೇ ಗುಡುಗು ಮಳೆಯೂ ದಕ್ಷಿಣದಿಂದ ಬಡಗಣಕ್ಕೆ ಹೊರಡುತ್ತದೆ. ಮಧ್ಯಾಹ್ನ ನಮ್ಮ ಘಟ್ಟದ ನೆತ್ತಿಯಲ್ಲಿ ಕಟ್ಟಿದ ಮೋಡ ಸಂಜೆಗೆ ಪಡುವಣಕ್ಕೆ ಸರಿದು ಸುಳ್ಯ, ಪುತ್ತೂರು, ಬೆಳ್ತಂಗಡಿಗಳಲ್ಲಿ ಮೊದಲು ಸುರಿಯುತ್ತದೆ. ಉಳಿದದ್ದು ಮಂಗಳೂರು, ಉಡುಪಿಗಳಿಗೆ. ಉತ್ತರಕ್ಕೆ ಹೋದಂತೆ ಈ ಮುಂಗಾರುಪೂರ್ವದ ಮಳೆ ವಿರಳವಾಗುತ್ತದೆ. ಕುಮಟೆ, ಅಂಕೋಲೆ, ಕಾರವಾರಗಳಲ್ಲಿ ಆಕಾಶ ಹೆಚ್ಚು ದಿನ ಬಿಡುವಾಗಿರುತ್ತದೆ. ಆದರೆ ಸೆಕೆಯನ್ನು ತೊಳೆಯುವ ಮಳೆಯೂ ಅಲ್ಲಿ ಹೆಚ್ಚು ದಿನ ಕಾಯಿಸುತ್ತದೆ. ಒಂದು ಸುಖಕ್ಕೆ ಒಂದು ಬೆಲೆ.

ನೆಲದ ರೂಪವೂ ಇದರಲ್ಲಿ ಕೈಯಾಡಿಸುತ್ತದೆ. ದಕ್ಷಿಣದಲ್ಲಿ ಘಟ್ಟಕ್ಕೂ ಕಡಲಿಗೂ ನಡುವೆ ಅಗಲವಾದ ಮುರಕಲ್ಲಿನ ಸೀಮೆ ಇದೆ. ಆ ನಡುಭಾಗಕ್ಕೆ ಕಡಲಗಾಳಿ ತಡವಾಗಿ, ದಣಿದು ತಲಪುತ್ತದೆ. ನಡುಹಗಲಿನ ಧಗೆ ದಡಕ್ಕಿಂತ ಅಲ್ಲಿಯೇ ಹೆಚ್ಚು. ಭಟ್ಕಳದಿಂದ ಮುಂದೆ ಬೆಟ್ಟಗಳು ಕಡಲಿನ ಕಡೆಗೆ ನಡೆದು ಬರುತ್ತವೆ. ಕಾರವಾರದಲ್ಲಿ ನೀರಿಗೇ ಕಾಲಿಟ್ಟಿವೆ. ತರುಣ ರವೀಂದ್ರನಾಥ ಠಾಕೂರರು, ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ, ಬಂದು ತಂಗಿ ಮೆಚ್ಚಿದ್ದು ಬೆಟ್ಟವೂ ಕಡಲೂ ಕೂಡಿದ ಈ ಚೆಲುವನ್ನೇ. ಪ್ರವಾಸಿಗೆ ಇದರಿಂದ ಇನ್ನೊಂದು ಲಾಭವುಂಟು. ಸೆಕೆ ತಡೆಯಲಾರದಾದರೆ ಕುಮಟೆಯಿಂದ ದೇವಿಮನೆ ಘಟ್ಟಕ್ಕೋ ಅಂಕೋಲೆಯಿಂದ ಅರಬೈಲು ಘಟ್ಟಕ್ಕೋ ಬೇಗ ಹತ್ತಿಬಿಡಬಹುದು. ಮಂಗಳೂರಿನಿಂದ ಚಾರ್ಮಾಡಿ ಅಷ್ಟು ಹತ್ತಿರವಲ್ಲ.

ನಮ್ಮ ಹಳೆಯ ಕವಿಗಳು ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆಗಳು ಬೇಕೆಂದು, ಅವುಗಳಲ್ಲಿ ಸಮುದ್ರಕ್ಕೂ ಋತುಗಳಿಗೂ ಎಡೆಗೊಟ್ಟರು. ತರಗತಿಯಲ್ಲಿ ಅದನ್ನು ಪಾಠ ಹೇಳುವಾಗ ಗ್ರೀಷ್ಮವೆಂಬುದು ನಾಡಿಗೆಲ್ಲ ಒಂದೇ ಎಂಬ ಭಾವನೆ ನನ್ನಲ್ಲಿಯೂ ಬೇರೂರಿತ್ತು. ಪಂಚಾಂಗದ ಮಳೆನಕ್ಷತ್ರಗಳನ್ನು ನೆನಪಿಟ್ಟುಕೊಂಡು ಬಾಳುವವರ ಗ್ರೀಷ್ಮ ಹಾಗಲ್ಲ. ಅವರಿಗೆ ಅದು ಎರಡು ವಾರಕ್ಕೊಮ್ಮೆ ಹೆಸರು ಬದಲಿಸುತ್ತದೆ: ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ. ತಾಯಿಯವರ ಜೊತೆ ಕುಳಿತು ನಾನು ಮಾಡಿಕೊಂಡಿರುವ ಲೆಕ್ಕವನ್ನು, ಉಪಯೋಗವಾದೀತೆಂದು, ಇಲ್ಲಿ ಕೊಡುತ್ತೇನೆ.

ಬಿಸುವಿನಿಂದ ಏಪ್ರಿಲ್ ಕೊನೆಯವರೆಗೆ, ಅಂದರೆ ಅಶ್ವಿನಿಯ ದಿನಗಳಲ್ಲಿ, ಕುಂದಾಪುರದಿಂದ ಉತ್ತರದ ದಡ ಮುದುಕರಿಗೂ ಮಕ್ಕಳಿಗೂ ಒಳ್ಳೆಯದು. ಕಡಲು ಸಾಮಾನ್ಯವಾಗಿ ಶಾಂತವಾಗಿರುತ್ತದೆ, ಗಾಳಿ ನಂಬಿಕೆಗೆ ತಕ್ಕಂತೆ ಬೀಸುತ್ತದೆ. ಮೇ ಮೊದಲ ಹತ್ತು ದಿನ, ಭರಣಿಯಲ್ಲಿ, ಸಂಜೆಯ ಒಂದು ಮಳೆಯಲ್ಲಿ ತಣಿಯಬೇಕೆನ್ನುವವರು ದಕ್ಷಿಣಕ್ಕೆ ಹೋಗಲಿ. ಬಿಡುವಾದ ಆಕಾಶ ಬೇಕೆನ್ನುವವರು ಉತ್ತರಕ್ಕೆ. ಮೇ 11ರಿಂದ ಕೃತ್ತಿಕೆ. ಆಮೇಲೆ ಎಲ್ಲಿಗೆ ಹೋದರೂ ಮಧ್ಯಾಹ್ನದ ಮೇಲೆ ಘಟ್ಟದ ದಾರಿಯಲ್ಲಿ ಇರಬಾರದು. ಪತ್ತನಾಜೆಯ ಮೇಲೆ ಕಡಲನ್ನು ದೂರದಿಂದ ನೋಡಿ ಕೈಮುಗಿಯಬೇಕು. ಇಷ್ಟಾದರೂ ಹೊರಡುವ ಹಿಂದಿನ ದಿನ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ನೋಡದೆ ಬಾಗಿಲು ದಾಟಬಾರದೆಂಬುದು 2025 ನನಗೆ ಕಲಿಸಿದ ಪಾಠ. ಎಲ್ಲಕ್ಕಿಂತ ಮುಖ್ಯವಾಗಿ, ತಂಗುವ ಕೋಣೆಗೆ ಪಡುವಣಕ್ಕೆ ಕಿಟಕಿ ಇರಬೇಕು. ದಡಕ್ಕೆ ಎದುರಾಗಿ ನಿಂತ ಕಟ್ಟಡಗಳ ಹಿಂದಿನ ಸಾಲಿನಲ್ಲಿ ಕೋಣೆ ಹಿಡಿದರೆ, ಕಡಲ ಮೊರೆತ ಕೇಳಿಸೀತು, ಗಾಳಿ ಸಿಕ್ಕದು.

ನಾವು ಹೊರಡುವುದು ಬರುವ ವಾರ. ಬೆಳಗಿನ ಜಾವ ನಾಲ್ಕಕ್ಕೆ ಮಲ್ಲಂದೂರು ಬಿಟ್ಟು, ಚಿಕ್ಕಮಗಳೂರು, ಕೊಪ್ಪಗಳ ಮೇಲೆ ಆಗುಂಬೆಗೆ ಬಂದು, ಬಿಸಿಲೇರುವ ಮುಂಚೆ ಘಟ್ಟವಿಳಿದು, ಮರವಂತೆಯ ಹತ್ತಿರ ಗುರುತಿನವರ ಮನೆಯಲ್ಲಿ ಇಳಿದುಕೊಳ್ಳುವುದು. ಆ ಮನೆಯ ಜಗಲಿ ಪಡುವಣಕ್ಕಿದೆ. ಫೋನು ಮಾಡಿ ಕೇಳಿದ್ದೇನೆ. ಹಗಲೆಲ್ಲ ಅಲ್ಲಿಯೇ ವಿಶ್ರಾಂತಿ. ಸಂಜೆ ಐದರ ಮೇಲೆ ದಡಕ್ಕೆ. ಒಂದು ರಾತ್ರಿ ಕಳೆದು, ಮರುದಿನದ ಮುಂಜಾನೆ ಇನ್ನೊಮ್ಮೆ ಕಡಲು ಕಂಡು, ಬಿಸಿಲೇರುವ ಮುನ್ನ ವಾಪಸು. ಇದಕ್ಕಿಂತ ಹೆಚ್ಚಿನ ಆಸೆ ನನಗಿಲ್ಲ. ಈ ಘಟ್ಟದ ತಿರುವುಗಳನ್ನು ಅವರು ಇನ್ನೆಷ್ಟು ಬಾರಿ ಇಳಿದು ಹತ್ತಿಯಾರು ಎಂಬ ಪ್ರಶ್ನೆಯನ್ನು ನಾನೂ ಕೇಳಿಲ್ಲ, ವೈದ್ಯರೂ ಹೇಳಿಲ್ಲ.

ಇದನ್ನು ಬರೆಯುತ್ತಿರುವಾಗ ತಾಯಿಯವರು ಪೆಟ್ಟಿಗೆಯಿಂದ ತೆಳುವಾದ ಒಂದು ನೂಲಿನ ಸೀರೆ ತೆಗೆದು ಹಗ್ಗದ ಮೇಲೆ ಹರವುತ್ತಿದ್ದಾರೆ. ಘಟ್ಟದ ಮೇಲೆ ಅಷ್ಟು ತೆಳುವಾದದ್ದು ಅವರಿಗೆ ಚಳಿಯಾಗುತ್ತದೆ. ಎಷ್ಟೋ ವರ್ಷಗಳಿಂದ ಅದನ್ನು ಉಟ್ಟವರಲ್ಲ. "ಗಾಳಿಗೆ ಇದೇ ಸರಿ" ಎಂದು ನನ್ನ ಕಡೆ ನೋಡದೆಯೇ ಹೇಳಿದರು. ಅಂಗಳದಾಚೆ ಕಾಫಿಯ ಹೂವಿನ ಮೇಲೆ ಜೇನುನೊಣಗಳ ಸದ್ದು. ಪಡುವಣದಲ್ಲಿ, ಬೆಟ್ಟದ ಸಾಲಿನ ಮೇಲೆ, ಸಣ್ಣದೊಂದು ಬಿಳಿಯ ಮೋಡ ಎದ್ದಿದೆ. ಬರುವ ವಾರದವರೆಗೆ ಅದು ಅಷ್ಟೇ ಸಣ್ಣದಾಗಿರಲಿ.