ಹೆಸರು ಒಂದೇ, ವಿಮಾನ ಬೇರೆ!

ಶಿಕಾರಿಪುರ: ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟುಕೊಂಡಿರುವ ಗೃಹಸ್ಥರೊಬ್ಬರು ಒಂದು ಪೆಟ್ಟಿಗೆಯನ್ನು ಎದೆಗವುಚಿಕೊಂಡು, ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ ಹತ್ತಿದರು. 'ಸ್ವೀಟಾ ಸ್ವಾಮಿ?' ಎಂದ ಕಂಡಕ್ಟರ್. 'ಅಲ್ಲಪ್ಪ, ಯುದ್ಧ ವಿಮಾನ' ಎಂದರು ಇವರು. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು!

ವಿಮಾನವೇ ಹೌದು, ಆದರೆ ಪ್ಲಾಸ್ಟಿಕ್ಕಿನದು. ಬಿಡಿ ಭಾಗಗಳನ್ನು ಅಂಟಿಸಿ ಜೋಡಿಸುವ ಮಾಡೆಲ್ ಕಿಟ್. ಸೊರಬದ ಮನೆಯಲ್ಲಿರುವ ತಂದೆಗೆ ಎಪ್ಪತ್ತೈದು ದಾಟಿದೆ. ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. 1971ರ ಯುದ್ಧದ ಹೊತ್ತಿಗೆ ನ್ಯಾಟ್ ವಿಮಾನಗಳಿಗೆ ಸ್ಪ್ಯಾನರ್ ಹಾಕಿದ ಕೈ. ಕಣ್ಣು ಪೂರಾ ಮಂಜಾಗುವ ಮೊದಲು ಆ ವಿಮಾನವನ್ನು ಒಂದ್ಸಲ ಮೇಜಿನ ಮೇಲಾದರೂ ನೋಡಬೇಕು ಅಂತ ಅವರ ಆಸೆ.

ಪೆಟ್ಟಿಗೆ ಬಿಚ್ಚಿದರು. ಮುಚ್ಚಳದ ಮೇಲೆ ಕೆಂಪು ಬಣ್ಣದ ವಿಮಾನ, ಒಳಗೆ ಎರಡು ಸೀಟು. ಅಜ್ಜ ಕನ್ನಡಕ ತೆಗೆದಿಟ್ಟು ಹೇಳಿದ್ದು ಇಷ್ಟೆ: 'ಇದ್ಯಾರ ವಿಮಾನ ತಂದ್ಯೋ ಮಾರಾಯ? ನಮ್ದಕ್ಕೆ ಒಂದೇ ಸೀಟು.'

ಸಾವಿರಾರು ರೂಪಾಯಿ ಕೊಟ್ಟವರ ಮುಖ ಹೇಗಾಗಿರಬೇಡ!

ತಪ್ಪು ಯಾರದ್ದು? ಪೆಟ್ಟಿಗೆಯದ್ದಂತೂ ಅಲ್ಲ. ನ್ಯಾಟ್ ಹುಟ್ಟಿದ್ದು ಇಂಗ್ಲೆಂಡಿನ ಫೋಲಂಡ್ ಕಂಪೆನಿಯಲ್ಲಿ. ಆದರೆ ಬ್ರಿಟಿಷ್ ವಾಯುಪಡೆ ಪಡೆದದ್ದು ತರಬೇತಿಯ ಎರಡು ಸೀಟಿನ ಟಿ.1 ಮಾದರಿಯನ್ನು. ಅವರ ರೆಡ್ ಆರೋಸ್ ತಂಡ ಆಕಾಶದಲ್ಲಿ ಕಸರತ್ತು ಮಾಡಿದ್ದೂ ಅದರಲ್ಲೇ. ನಮ್ಮ ದೇಶ ಆರಿಸಿಕೊಂಡದ್ದು ಒಂದು ಸೀಟಿನ ಫೈಟರ್. ಬೆಂಗಳೂರಿನ ಎಚ್‌ಎಎಲ್ ಅದನ್ನು ಇಲ್ಲೇ ತಯಾರಿಸಿತು. 14 ಡಿಸೆಂಬರ್ 1971ರಂದು ಶ್ರೀನಗರದಲ್ಲಿ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಹಾರಿಸಿ, ಹೋರಾಡಿ, ಪ್ರಾಣ ಕೊಟ್ಟದ್ದು ಇಂಥ ನ್ಯಾಟ್‌ನಲ್ಲಿ. ವಾಯುಪಡೆಗೆ ಬಂದ ಒಂದೇ ಒಂದು ಪರಮವೀರ ಚಕ್ರ ಅವರದ್ದು. ಹೆಸರು ಒಂದೇ ಆದರೂ ಅಜ್ಜನ ಲೆಕ್ಕದಲ್ಲಿ ಎರಡೂ ಒಂದೇ ಆಗುವುದು ಹೇಗೆ?

ಆದ್ದರಿಂದ ಕಿಟ್ ಕೊಳ್ಳುವವರು ಮೊದಲು ನೋಡಬೇಕಾದ್ದು ಹೆಸರಿನ ಮುಂದಿರುವ ಅಕ್ಷರ, ಅಂಕಿ. ಎಫ್.1 ಅಂದರೆ ಫೈಟರ್, ಟಿ.1 ಅಂದರೆ ತರಬೇತಿ ವಿಮಾನ. ಚಿತ್ರಕ್ಕೆ ಮರುಳಾಗಬಾರದು. ಹಳೇ ಅಚ್ಚಿನ ಮಾಲು ಹೊಸ ಮುಚ್ಚಳ ಹಾಕಿಕೊಂಡು ಬರುವುದೂ ಉಂಟು.

ಎರಡನೆಯದು ಅಳತೆ. 1/72 ಅಂದರೆ ನಿಜವಾದ ವಿಮಾನದ ಎಪ್ಪತ್ತೆರಡನೇ ಒಂದು ಪಾಲು. ಸುಮಾರು 9 ಮೀಟರ್ ಉದ್ದದ ನ್ಯಾಟ್ ಇದರಲ್ಲಿ 12 ಸೆಂಟಿಮೀಟರ್ ಆಸುಪಾಸು, ಅಂಗೈಯಲ್ಲಿ ಕೂರುತ್ತದೆ. 1/48ರಲ್ಲಿ 18 ಸೆಂಟಿಮೀಟರ್ ದಾಟುತ್ತದೆ. ವಯಸ್ಸಾದವರ ಕಣ್ಣಿಗೆ ದೊಡ್ಡದೇ ವಾಸಿ. ಆದರೆ ಬೇಕಾದ ಮಾದರಿ ಬೇಕಾದ ಅಳತೆಯಲ್ಲಿ ಸಿಗಬೇಕಲ್ಲ!

ಮೂರನೆಯದು ಗುರುತು. 1950ರಿಂದ ನಮ್ಮ ವಾಯುಪಡೆಯ ಚಕ್ರದಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ನೀರಿನಲ್ಲಿ ನೆನೆಸಿ ಅಂಟಿಸುವ ಡಿಕಾಲ್ ಹಾಳೆಯಲ್ಲಿ ಇದು ಇದೆಯೋ ಇಲ್ಲವೋ ಕೇಳಿಕೊಳ್ಳಬೇಕು. ಹಾಳೆ ಹಳದಿಗಟ್ಟಿದ್ದರೆ ಬೇಡವೇ ಬೇಡ. ಅಂಟು, ಬಣ್ಣ ಬಹಳ ಕಿಟ್‌ಗಳ ಜೊತೆ ಬರುವುದಿಲ್ಲ, ಅದರ ಖರ್ಚು ಬೇರೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಎನಾಮೆಲ್ ಬಣ್ಣ ಒಣಗುವುದೂ ತಡ. ಹೊಸಬರು ಕಡಿಮೆ ತುಂಡುಗಳ, ಒಂದು ಜೊತೆ ರೆಕ್ಕೆಯ ವಿಮಾನದಿಂದ ಶುರು ಮಾಡಿದರೆ ಕ್ಷೇಮ.

ಸೊರಬ ಗುಡಿಗಾರರ ಊರು. ಗಂಧದ ಕೊರಡಿನಲ್ಲಿ ದೇವರನ್ನು ಬಿಡಿಸುವವರು ಉಳಿಗೆ ಮೊದಲು ಅಳತೆ ಹಿಡಿಯುತ್ತಾರೆ. ಇಂಥ ಊರಿಗೆ ತಪ್ಪು ಅಳತೆಯ ವಿಮಾನ ತಂದರೆ ಒಪ್ಪುತ್ತಾರೆಯೇ?

ಅಂಗಡಿಯವರು ಬೇರೆ ಕಿಟ್ ತರಿಸಿದರು. ಈ ಸಲ ಆರ್ಡರ್ ಕೊಡುವ ಮೊದಲು ಫೋನ್ ಮಾಡಿ, ತಂದೆಯನ್ನು ಕೇಳಿ ಬರೆದುಕೊಂಡರು: ಎಫ್.1, ಒಂದು ಸೀಟು, ಭಾರತದ ಚಕ್ರ. ಸಿಕ್ಕಿದ್ದು 1/72. ಚಿಕ್ಕದೇ, ಆದರೆ ಸರಿಯಾದದ್ದು.

ಅಜ್ಜನ ಕೈ ಈಗ ನಡುಗುತ್ತದೆ. ಜೋಡಿಸುವವನು ಮೊಮ್ಮಗ. ಆತ ಆತುರದಲ್ಲಿ ಮೈಯ ಎರಡು ಹೋಳು ಅಂಟಿಸಲು ಹೊರಟಾಗ ಅಜ್ಜ ತಡೆದರು: 'ತಡಿ ಪುಟ್ಟಾ. ಮೂಗಿನೊಳಗೆ ಭಾರ ಇಟ್ಯಾ? ಇಲ್ದಿದ್ರೆ ಬಾಲ ಊರಿ ಕೂರ್ತದೆ.' ಮೀನಿನ ಬಲೆಯ ಸೀಸದ ಗುಂಡೊಂದು ಮೂಗಿನೊಳಗೆ ಹೋಯಿತು.

ಎರಡು ಸೀಟಿನ ಆ ಕೆಂಪು ವಿಮಾನ? ಅದು ಶಿಕಾರಿಪುರದ ಅಂಗಡಿಯ ಗಾಜಿನ ಕಪಾಟಿನಲ್ಲಿ ಕೂತಿದೆ. ಗಿರಾಕಿಗಳು ಬೆಲೆ ಕೇಳಿದರೆ ಸಾಹುಕಾರರು ಹೇಳುವುದು ಒಂದೇ ಮಾತು: 'ಮಾರೋದಲ್ಲ ಸ್ವಾಮಿ. ಕೇಳದೆ ತಂದದ್ದಕ್ಕೆ ಕಟ್ಟಿದ ಫೀಸು ಅದು!'