ಕಂಪ್ಯೂಟರಿನೊಳಗಿನ ಫೋಟೋಗಳಿಗೆ ಹೆಸರು ಬರೆದಿಟ್ಟಿದ್ದೀರಾ?

ಊರಿನಲ್ಲಿ ನಮ್ಮ ಅಮ್ಮಂದಿರು ಫೋಟೋ ಆಲ್ಬಮ್ಮುಗಳನ್ನು ರೇಷ್ಮೆ ಸೀರೆಗಳ ಜೊತೆ ಬೀರುವಿನಲ್ಲಿ ಇಡುತ್ತಿದ್ದರು. ನೆಂಟರು ಬಂದರೆ ಕಾಫಿ ಆದ ಮೇಲೆ ಆಲ್ಬಮ್ ಹೊರಗೆ ಬರುತ್ತಿತ್ತು. ಒಂದು ಮದುವೆಗೆ ಒಂದು ಆಲ್ಬಮ್, ಅದರಲ್ಲಿ ನೂರೋ ಇನ್ನೂರೋ ಚಿತ್ರ. ಈಗ ಶಾಮ್‌ಬರ್ಗ್‌ನ ನಮ್ಮ ಮನೆಯಲ್ಲಿ ಒಂದು ಹುಟ್ಟುಹಬ್ಬಕ್ಕೇ ನಾನೂರು ಚಿತ್ರ ತೆಗೆಯುತ್ತೇವೆ. ಆದರೆ ಬಂದವರಿಗೆ ತೋರಿಸೋಣವೆಂದರೆ ಬೇಕಾದದ್ದು ಮಾತ್ರ ಕೈಗೆ ಸಿಗುವುದಿಲ್ಲ!

ಇದಕ್ಕೆ ಒಳ್ಳೆಯ ಸಾಫ್ಟ್‌ವೇರ್ ಒಂದಿದ್ದರೆ ಸಾಕು ಎಂದು ನಾನೂ ನಂಬಿದ್ದೆ. ನಮ್ಮಲ್ಲಿ ಬಹಳ ಮಂದಿ ಬಳಸುತ್ತಿದ್ದ ಪಿಕಾಸಾ 2016ರಲ್ಲಿ ನಿಂತುಹೋಯಿತು. ಮ್ಯಾಕ್ ಬಳಸುವವರ ಐಫೋಟೋ ಜಾಗಕ್ಕೆ 2015ರಲ್ಲಿ ಫೋಟೋಸ್ ಬಂತು. ಆಲ್ಬಮ್ ಹಂಚಿಕೊಳ್ಳುತ್ತಿದ್ದ ಕೊಡಾಕ್ ಗ್ಯಾಲರಿ 2012ರಲ್ಲೇ ಮುಚ್ಚಿತ್ತು. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಕೊನೆಗೊಂಡಿತು. ಸಾಫ್ಟ್‌ವೇರ್ ಬರುತ್ತದೆ, ಹೋಗುತ್ತದೆ, ಚಿತ್ರ ಉಳಿಯಬೇಕು. ಆದ್ದರಿಂದ ಯಾವ ಚಿತ್ರ, ಎಂದಿನದು, ಅದರಲ್ಲಿ ಯಾರಿದ್ದಾರೆ ಎಂಬ ವಿವರ ಸಾಧ್ಯವಾದಷ್ಟು ಆ ಚಿತ್ರದ ಜೊತೆಗೇ ಇರಬೇಕು. ಅದನ್ನು ಮಾಡುವುದು ಹೇಗೆ ಎಂಬುದನ್ನು ನಮ್ಮ ಮನೆಯ ಅನುಭವದಿಂದಲೇ ಹೇಳುತ್ತೇನೆ.

ಮೊದಲನೆಯದು: ಇಳಿಸಿಕೊಳ್ಳುವುದು

ಕ್ಯಾಮೆರಾ ಅಥವಾ ಫೋನಿನಿಂದ ಕಂಪ್ಯೂಟರಿಗೆ ಚಿತ್ರ ಇಳಿಸುವಾಗ ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ಸಮಾರಂಭಕ್ಕೊಂದು ಫೋಲ್ಡರ್ ಮಾಡಿ. ಹೆಸರನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಆರಂಭಿಸಿ: ‘2008-08-30 ಅಕ್ಕ ಸಮ್ಮೇಳನ ಚಿಕಾಗೊ’ ಎಂಬಂತೆ. ಹೀಗೆ ಬರೆದರೆ ಕಂಪ್ಯೂಟರ್ ತಾನಾಗಿಯೇ ಕಾಲಕ್ರಮದಲ್ಲಿ ಜೋಡಿಸುತ್ತದೆ. ಇನ್ನೊಂದು ಲಾಭವೂ ಇದೆ. ಬರೀ 08/09 ಎಂದು ಬರೆದರೆ ಇಲ್ಲಿ ಬೆಳೆದ ಮಕ್ಕಳು ಆಗಸ್ಟ್ 9 ಎನ್ನುತ್ತಾರೆ, ಊರಿನ ಅಜ್ಜ ಸೆಪ್ಟೆಂಬರ್ 8 ಎನ್ನುತ್ತಾರೆ. ವರ್ಷದಿಂದ ಆರಂಭಿಸಿದರೆ ಈ ಜಗಳವಿಲ್ಲ.

ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿಯಬೇಡಿ. ಹಲವು ಕ್ಯಾಮೆರಾಗಳು ಚಿತ್ರಗಳಿಗೆ 9999ರವರೆಗೆ ಸಂಖ್ಯೆ ಕೊಟ್ಟು ಮತ್ತೆ 1ರಿಂದ ಶುರು ಮಾಡುತ್ತವೆ. ಒಂದೇ ಹೆಸರಿನ ಎರಡು ಚಿತ್ರ ಸೇರಿದಾಗ ಕಂಪ್ಯೂಟರ್ ಕೇಳುವ ಪ್ರಶ್ನೆಗೆ ಅವಸರದಲ್ಲಿ ‘ಯೆಸ್’ ಒತ್ತಿದರೆ ಹಳೆಯದು ಹೋಗಿಯೇ ಹೋಗುತ್ತದೆ. ಹಾಗೆಯೇ, ಇಳಿಸಿದ ಚಿತ್ರಗಳು ಎರಡು ಕಡೆ ಸುರಕ್ಷಿತವಾಗಿವೆ ಎಂದು ನೋಡಿಕೊಳ್ಳುವವರೆಗೆ ಕ್ಯಾಮೆರಾದ ಕಾರ್ಡನ್ನು ಅಳಿಸಬೇಡಿ.

ಎರಡನೆಯದು: ಗಡಿಯಾರ

ಪ್ರತಿ ಡಿಜಿಟಲ್ ಚಿತ್ರದೊಳಗೂ ತೆಗೆದ ದಿನ ಮತ್ತು ಗಂಟೆ ಅಡಗಿರುತ್ತದೆ. ಇದಕ್ಕೆ ಎಕ್ಸಿಫ್ ಮಾಹಿತಿ ಎನ್ನುತ್ತಾರೆ. ಸಾಫ್ಟ್‌ವೇರ್ ಚಿತ್ರಗಳನ್ನು ಸಾಲಾಗಿ ಜೋಡಿಸುವುದು ಇದನ್ನು ನೋಡಿಯೇ. 2006ರ ಜೂನ್‌ನಲ್ಲಿ ಮೈಸೂರಿನಲ್ಲಿ ನಮ್ಮ ಮಗನ ಉಪನಯನವಾಯಿತು. ನಮ್ಮ ಕ್ಯಾಮೆರಾದ ಗಡಿಯಾರ ಇನ್ನೂ ಶಾಮ್‌ಬರ್ಗ್‌ನಲ್ಲೇ ಇತ್ತು. ಬೆಂಗಳೂರಿನಿಂದ ಬಂದ ತಮ್ಮನ ಕ್ಯಾಮೆರಾ ಅಲ್ಲಿಯ ಸಮಯ ತೋರಿಸುತ್ತಿತ್ತು. ಎರಡನ್ನೂ ಸೇರಿಸಿದಾಗ ಬೆಳಗಿನ 7 ಗಂಟೆಯ ಮುಹೂರ್ತ ಹಿಂದಿನ ರಾತ್ರಿ 8:30ಕ್ಕೆ ಹೋಗಿ ಕೂತಿತು. ಆ ರಾತ್ರಿ 9:30ಕ್ಕೆ ತಲೆತುಂಬ ಕೂದಲಿಟ್ಟುಕೊಂಡು ಊಟಕ್ಕೆ ಕುಳಿತ ಹುಡುಗ, ಅದಕ್ಕೂ ಒಂದು ಗಂಟೆ ಮೊದಲೇ ತಲೆ ಬೋಳಿಸಿಕೊಂಡು ಜನಿವಾರ ಹಾಕಿಕೊಂಡಿದ್ದ!

ಇದನ್ನು ಸರಿಪಡಿಸುವುದು ಸುಲಭ. ಆಪಲ್ ಫೋಟೋಸ್, ಲೈಟ್‌ರೂಮ್ ಕ್ಲಾಸಿಕ್, ಉಚಿತವಾಗಿ ಸಿಗುವ ಡಿಜಿಕ್ಯಾಮ್ ಇವೆಲ್ಲದರಲ್ಲೂ ಹಲವು ಚಿತ್ರಗಳ ಸಮಯವನ್ನು ಒಟ್ಟಿಗೆ ಮುಂದೂಡುವ ಆಯ್ಕೆ ಇದೆ. ಚಿಕಾಗೊ ಸಮಯದಲ್ಲಿರುವ ಚಿತ್ರಕ್ಕೆ ಬೇಸಿಗೆಯಲ್ಲಿ ಹತ್ತೂವರೆ ಗಂಟೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ಕೂಡಿಸಬೇಕು. ಡೆಟ್ರಾಯಿಟ್‌ನವರಿಗೆ ಇದರಲ್ಲಿ ಒಂದು ಗಂಟೆ ಕಡಿಮೆ. ಫೋನಿನಲ್ಲಿ ತೆಗೆದ ಚಿತ್ರಗಳಿಗೆ ಸಾಮಾನ್ಯವಾಗಿ ಈ ತೊಂದರೆ ಇಲ್ಲ.

ಆದರೆ ಫೋನಿನದು ಬೇರೊಂದು ತೊಂದರೆ. ವಾಟ್ಸಾಪ್‌ನಲ್ಲಿ ಎಂದಿನಂತೆ ಕಳಿಸಿದ ಚಿತ್ರ ಗಾತ್ರದಲ್ಲಿ ಕುಗ್ಗುತ್ತದೆ, ತೆಗೆದ ದಿನಾಂಕದ ಮಾಹಿತಿಯೂ ಕಳೆದುಹೋಗುತ್ತದೆ. ಊರಿನವರಿಂದ ಮದುವೆಯ ಚಿತ್ರ ತರಿಸಿಕೊಳ್ಳುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿ ಎಂದು ಹೇಳಿ. ಆಗ ಮೂಲ ಚಿತ್ರವೇ ಬರುತ್ತದೆ.

ಮೂರನೆಯದು: ಹೆಸರು

ಇದೇ ಎಲ್ಲಕ್ಕಿಂತ ಮುಖ್ಯ. ಈಗಿನ ಸಾಫ್ಟ್‌ವೇರ್ ಮುಖಗಳನ್ನು ಗುರುತಿಸಿ ಒಬ್ಬೊಬ್ಬರ ಚಿತ್ರಗಳನ್ನು ಒಂದೆಡೆ ಸೇರಿಸುತ್ತದೆ. ಈ ವಿಷಯದಲ್ಲೇ ಗೂಗಲ್ ಫೋಟೋಸ್ ಮೇಲೆ, ನಮ್ಮ ಇಲಿನಾಯ್ ರಾಜ್ಯದ 2008ರ ಬಯೋಮೆಟ್ರಿಕ್ ಕಾನೂನಿನಡಿ ದಾವೆ ನಡೆದು, 2022ರಲ್ಲಿ ಗೂಗಲ್ 10 ಕೋಟಿ ಡಾಲರ್ ಕೊಡಲು ಒಪ್ಪಿತು. ಬೇಡವಾದವರು ಈ ಸೌಲಭ್ಯವನ್ನು ನಿಲ್ಲಿಸಿಡಬಹುದು. ಅದು ಎಷ್ಟೇ ಜಾಣನಾದರೂ ‘ಇವರು ಅಜ್ಜಿಯ ತಂಗಿಯ ಮನೆಯವರು’ ಎಂದು ಹೇಳಲಾರದು. ಅದನ್ನು ಮನೆಯ ಹಿರಿಯರೇ ಹೇಳಬೇಕು.

ಉಪನಯನದ ದಿನ ತೆಗೆದ ಒಂದು ಗುಂಪು ಚಿತ್ರದಲ್ಲಿ 31 ಜನರಿದ್ದಾರೆ. ನನಗೂ ನಮ್ಮ ಮನೆಯವರಿಗೂ ಸೇರಿ ಗೊತ್ತಿದ್ದದ್ದು 14 ಜನ. 2011ರಲ್ಲಿ ಅಮ್ಮ ನಮ್ಮಲ್ಲಿಗೆ ಬಂದಾಗ, ಹೊರಗೆ ಹಿಮ ಬೀಳುವ ಸಂಜೆಗಳಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಿಕೊಂಡೆ. ಅಮ್ಮ ಒಬ್ಬೊಬ್ಬರನ್ನೇ ತೋರಿಸಿ ಹೆಸರು, ಊರು, ನಮಗೆ ಏನಾಗಬೇಕು ಎಲ್ಲ ಹೇಳಿದರು. ಮಗ ಟೈಪ್ ಮಾಡಿದ. ಕನ್ನಡದಲ್ಲೇ ಬರೆಯಬಹುದು. 27 ಜನರ ಹೆಸರು ಆಯಿತು. ಹಿಂದಿನ ಸಾಲಿನ ನಾಲ್ವರು ಅಮ್ಮನಿಗೆ ನೆನಪಾಗಲಿಲ್ಲ. “ಊರಿಗೆ ಹೋಗಿ ಚಿಕ್ಕಮ್ಮನ್ನ ಕೇಳಿ, ಮುಂದಿನ ಸಲ ಬಂದಾಗ ಹೇಳ್ತೀನಿ ಬಿಡು” ಎಂದರು. ಮುಂದಿನ ಸಲ ಬರಲೇ ಇಲ್ಲ. ಆ ನಾಲ್ವರು ಯಾರೆಂದು ಇಂದಿಗೂ ನಮಗೆ ಗೊತ್ತಿಲ್ಲ.

ಹೆಸರು ಬರೆಯುವಾಗ ಒಂದು ಎಚ್ಚರ ಬೇಕು. ಕೆಲವು ಕಡೆ ನೀವು ಬರೆದದ್ದು ಚಿತ್ರದೊಳಗೆ ಸೇರದೆ ಆ ಸಾಫ್ಟ್‌ವೇರ್‌ನ ಲೆಕ್ಕದಲ್ಲಷ್ಟೇ ಇರುತ್ತದೆ. ಗೂಗಲ್ ಫೋಟೋಸ್‌ನಿಂದ ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಂಡಾಗ ವಿವರಗಳು ಬೇರೆ ಫೈಲುಗಳಲ್ಲಿ ಬರುತ್ತವೆ. ಡಿಜಿಕ್ಯಾಮ್ ಮತ್ತು ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ವಿವರವನ್ನು ಚಿತ್ರದ ಫೈಲಿನೊಳಗೇ ಬರೆಸುವ ಆಯ್ಕೆ ಇದೆ, ಅದನ್ನು ಹಾಕಿಕೊಳ್ಳಿ. ಇದೆಲ್ಲ ಕಷ್ಟ ಎನಿಸಿದರೆ, ಅದೇ ಫೋಲ್ಡರಿನಲ್ಲಿ ಹೆಸರುಗಳ ಒಂದು ಪಟ್ಟಿ ಇಟ್ಟರೂ ಆದೀತು.

ನಾಲ್ಕನೆಯದು: ಪ್ರತಿಗಳು

2009ರಲ್ಲಿ ನಮ್ಮ ಹಾರ್ಡ್ ಡಿಸ್ಕ್ ಕೆಟ್ಟುಹೋಯಿತು. ಉಪನಯನದ ಚಿತ್ರಗಳು ಉಳಿದದ್ದು ತಮ್ಮನಿಗೆ ಸಿಡಿಯಲ್ಲಿ ಒಂದು ಪ್ರತಿ ಕೊಟ್ಟಿದ್ದರಿಂದ ಮಾತ್ರ. ತಿಳಿದವರು ಹೇಳುವ ಲೆಕ್ಕ ಮೂರು-ಎರಡು-ಒಂದು: ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಕಂಪ್ಯೂಟರಿನಲ್ಲೊಂದು, ಹೊರಗಿನ ಡಿಸ್ಕಿನಲ್ಲೊಂದು, ಇಂಟರ್ನೆಟ್ಟಿನಲ್ಲೋ ಊರಿನ ತಮ್ಮನ ಮನೆಯಲ್ಲೋ ಇನ್ನೊಂದು. ಬೇಸ್‌ಮೆಂಟಿನ ಡಬ್ಬದಲ್ಲಿರುವ ಹಳೆಯ ಸಿಡಿಗಳು ಶಾಶ್ವತವಲ್ಲ. ಅವು ತೆರೆಯುತ್ತಿರುವಾಗಲೇ ನಕಲು ಮಾಡಿಕೊಳ್ಳಿ.

ಇಪ್ಪತ್ತು ವರ್ಷದ ಚಿತ್ರಗಳನ್ನು ಒಂದೇ ದಿನ ಜೋಡಿಸಲು ಕೂತರೆ ಸಾಕಾಗಿ ಏಳುತ್ತೀರಿ. ಈ ಶನಿವಾರ ಒಂದೇ ಒಂದು ಸಮಾರಂಭದ ಚಿತ್ರಗಳನ್ನು ತೆಗೆದುಕೊಳ್ಳಿ. ಅಪ್ಪ, ಅಮ್ಮ, ಅತ್ತೆ, ಮಾವ ಇಲ್ಲಿಗೆ ಬಂದಿದ್ದರೆ ಜೊತೆಗೆ ಕೂರಿಸಿಕೊಳ್ಳಿ. ಊರಿನಲ್ಲಿದ್ದರೆ ವಿಡಿಯೋ ಕಾಲ್ ಮಾಡಿ, ಚಿತ್ರ ತೋರಿಸಿ, “ಇವರು ಯಾರಮ್ಮ?” ಎಂದು ಕೇಳಿ. ಮಕ್ಕಳ ಕೈಯಲ್ಲಿ ಬರೆಸಿ. ಅವರಿಗೂ ತಮ್ಮವರು ಯಾರೆಂದು ತಿಳಿಯುತ್ತದೆ.